ಹಸಿರು ಬಳೆ ಬಿಚ್ಚಿದ ದಿನ

ಕಳೆದ ವರ್ಷದ ಮೇ ತಿಂಗಳು. ದಾಂಡೇಲಿಯ ನಮ್ಮ ಮನೆಯಲ್ಲಿ ಅಂದೂ ಎಂದಿನಂತೆ ನೀರು ತುಂಬಿ, ಅಂಗಳ ಗುಡಿಸಿ, ರಾತ್ರಿ ಪಾಳಿ ಮುಗಿಸಿ ಬಂದ ಯಜಮಾನರಿಗೆ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಮಗಳು ಶಿಲ್ಪಾಳ ಬ್ಯಾಗು ಮಾತ್ರ ಬಾಗಿಲ ಬಳಿ ತಯಾರಾಗಿ ಕುಳಿತಿತ್ತು.

ಬಿಎಸ್ಸಿ ಎರಡನೇ ವರ್ಷದ ಅವಳು ಪುಣೆಯ ಒಂದು ಪ್ರಯೋಗಾಲಯದಲ್ಲಿ ಬೇಸಿಗೆಯ ಸಂಶೋಧನಾ ತರಬೇತಿಗೆ ಆಯ್ಕೆಯಾಗಿದ್ದಳು. ಎರಡು ತಿಂಗಳು. ಎಲೆಗಳಿಂದ ಡಿಎನ್ಎ ಬೇರ್ಪಡಿಸುವುದನ್ನು ಕಲಿಸುತ್ತಾರಂತೆ. ಅಳ್ನಾವರದಿಂದ ಅಂದೇ ಮಧ್ಯಾಹ್ನ ರೈಲು.

ತೊಡಕಾಗಿದ್ದು ಬಳೆಯದು. ಶಿಲ್ಪಾಳಿಗೆ ಆಗಲೇ ಮದುವೆ ನಿಶ್ಚಯವಾಗಿತ್ತು. ನಮ್ಮಲ್ಲಿ ನಿಶ್ಚಯವಾದ ಹುಡುಗಿಗೆ ಹುಡುಗನ ಮನೆಯವರು ಹಸಿರು ಗಾಜಿನ ಬಳೆ ಇಡಿಸುತ್ತಾರೆ. ಜಾರಬಾರದೆಂದು ಬಿಗಿಯಾದ ಅಳತೆಯದ್ದೇ. ಮದುವೆಯ ತನಕ ತೆಗೆಯುವಂತಿಲ್ಲ. ಪ್ರಯೋಗಾಲಯದವರೋ, ಬಳೆ ಉಂಗುರ ಇದ್ದರೆ ಒಳಗೆ ಬಿಡುವುದಿಲ್ಲ ಎಂದು ಫೋನಿನಲ್ಲೇ ಹೇಳಿದ್ದರು. ಬೀಗರಿಗೆ ಹಿಂದಿನ ದಿನ ವಿಷಯ ತಿಳಿಸಿದ್ದೆ. ಬೆಳಿಗ್ಗೆ ಹುಡುಗನ ತಾಯಿ ನಮ್ಮ ಕಡೆಯದೇ ಊರಾದ ರಾಮನಗರದಿಂದ ಬಂದೇಬಿಟ್ಟರು.

"ಬೀಗರ, ಹುಡುಗಿ ಬೋಳ ಕೈಲೆ ಪರ ಊರಾಗ ಇರೂದಂದ್ರ ಏನ್ರಿ? ಮಂದಿ ಏನಂದಾರು?"

"ಅತ್ತಿ, ಕೈಗೆ ಗ್ಲೌಸ್ ಹಾಕ್ಕೋಬೇಕ್ರಿ. ಬಳಿ ಇದ್ರ ಅದು ಹರೀತೈತಿ," ಅಂದಳು ಶಿಲ್ಪಾ.

"ಎಲಿ ಅರಿಯಾಕ ಪುಣೆತನಾ ಹೋಗಬೇಕೇನವ್ವಾ? ನಮ್ಮ ಮನ್ಯಾಗೂ ಮಿಕ್ಸರ್ ಐತಿ!" ಎಂದು ಅವರು ನಕ್ಕರು. ನಗುವಾಗ ಕೈಯಲ್ಲಿದ್ದ ಕಪ್ಪಿನ ಚಹಾ ತುಳುಕಿ ಸೆರಗಿಗೆ ಬಿತ್ತು. ಅವರಿಗೆ ಗೊತ್ತಾಗಲಿಲ್ಲ. ಯಜಮಾನರು ನೆಲ ನೋಡುತ್ತಾ, "ಹಿರ್ಯಾರು ಹೇಳಿದಂಗ ಆಗ್ಲಿ ಬಿಡು," ಎಂದರು. ಶಿಲ್ಪಾ ಬ್ಯಾಗನ್ನು ಒಳಗೆ ಎಳೆಯತೊಡಗಿದಳು.

ನಾನು ಕಾನ್ವೆಂಟ್ ಸಿಸ್ಟರ್‌ಗಳ ಶಿಸ್ತಿನ ಶಾಲೆಯಲ್ಲಿ ಕಲಿತವಳು. ಎದುರಾಡಿ ರೂಢಿಯಿಲ್ಲ. ಆದರೆ ಆ ಬ್ಯಾಗು ನೆಲಕ್ಕೆ ಉಜ್ಜುವ ಸದ್ದು ನನ್ನಿಂದ ಕೇಳಲಾಗಲಿಲ್ಲ. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ಮತ್ತು ತೊಳೆದಿಟ್ಟ ಹಾಲಿನ ಪಾಕೀಟು ತಂದೆ. "ಕುಂದ್ರು," ಅಂದೆ.

ಪಾಕೀಟನ್ನು ಅವಳ ಕೈಗೆ ಚೀಲದಂತೆ ತೊಡಿಸಿ, ಎಣ್ಣೆ ಸವರಿ, ಒಂದೊಂದೇ ಬಳೆ ಜಾರಿಸಿದೆ.

"ಮಮ್ಮಿ, ಸಾವಕಾಶ," ಅಂದಳು. ಹೆಬ್ಬೆರಳ ಬುಡ ಕೆಂಪಾಗಿತ್ತು. ಬೀಗತಿ ಎದ್ದು ನಿಂತರು. "ಏನ್ ಮಾಡಾಕತ್ತೀರಿ? ಅಪಶಕುನಾ ಅದು!"

"ಒಡದ್ರ ಅಪಶಕುನಾ ಅಂತೀರಲ್ರಿ, ಒಂದೂ ಒಡೆದಿಲ್ಲ ನೋಡ್ರಿ." ಬಳೆಗಳನ್ನು ಒರೆಸಿ, ಅರಿವೆಯಲ್ಲಿ ಸುತ್ತಿ ಅವರ ಕೈಗಿಟ್ಟೆ. "ಆಕಿ ಬಂದ ಮ್ಯಾಲ ನೀವ ಇಡಸ್ರಿ. ಬ್ಯಾಡನಿಸಿದ್ರ ನಿಮ್ಮ ಹಂತೇಕನ ಇಟ್ಕೋರಿ. ಈಗ ನಮಗ ಬಸ್ಸಿಗೆ ಹೊತ್ತಾತು."

ನನ್ನ ದನಿ ನಡುಗುತ್ತಿತ್ತು. ಆದರೂ ಬ್ಯಾಗನ್ನು ನಾನೇ ಎತ್ತಿಕೊಂಡೆ. ಯಜಮಾನರು ಚಪ್ಪಲಿ ಮೆಟ್ಟಿ ಹಿಂದೆ ಬಂದರು. ಬಸ್‌ಸ್ಟ್ಯಾಂಡಿನವರೆಗೂ ನನ್ನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಡೆದರು. ಅಳ್ನಾವರದಲ್ಲಿ ರೈಲು ಹೊರಟಾಗ ಶಿಲ್ಪಾ ಕಿಟಕಿಯಿಂದ ಕೈ ಬೀಸಿದಳು. ಬಳೆಯ ಸದ್ದಿಲ್ಲದ ಆ ಕೈ ನನಗೆ ಬೋಳು ಅನ್ನಿಸಲೇ ಇಲ್ಲ.

ಸಂಬಂಧ ಉಳಿಯಲಿಲ್ಲ. ತಿಂಗಳೊಳಗೆ ಬೀಗರ ಮನೆಯಿಂದ "ಬ್ಯಾಡ" ಎಂದು ಫೋನ್ ಬಂತು. ಇಂದಿಗೂ ನೆಂಟರು ನನ್ನನ್ನೇ ಅನ್ನುತ್ತಾರೆ. ಅನ್ನಲಿ. ಮತ್ತೆ ಅಂಥ ಬೆಳಿಗ್ಗೆ ಬಂದರೆ ನಾನು ಅದನ್ನೇ ಮಾಡುತ್ತೇನೆ, ಈ ಸಲ ದನಿ ನಡುಗದಂತೆ.

ಶಿಲ್ಪಾಳನ್ನು ರೈಲು ಹತ್ತಿಸಿದ ಆ ದಿನ ಸಂಜೆ ಊರಿಗೆ ಮರಳಿ, ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕಾಂಪೌಂಡಿನ ಆಚೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಪಕ್ಕದ ಮನೆಯ ಶಾಂತಕ್ಕ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಆಮೇಲೆ ತಲೆ ಎತ್ತದೆಯೇ ಅಂದರು:

"ಬರೇ ಎರಡು ತಿಂಗಳೇನ್ರಿ? ಇಷ್ಟಕ್ಕ ಅಷ್ಟು ಗದ್ಲಾನ? ನಾ ಎಲ್ಲೋ ಪರದೇಶಕ್ಕ ಕಳಸಾಕತ್ತೀರಿ ಅಂತ ಮಾಡಿದ್ನಿ."