ಕಾಕಾರ ಎರಡು ಫೋಟೊ

ನಾನು ಹುನಗುಂದದಲ್ಲಿ ಲೈನ್‌ಮನ್. ಕರೆಂಟಿನ ಕಂಬ ಹತ್ತುವುದು ಕೆಲಸ, ಫೋಟೊ ತೆಗೆಯುವುದು ಹುಚ್ಚು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡ ಮೇಲೆ ನಮ್ಮ ಜಿಲ್ಲೆಯ ಹವ್ಯಾಸಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದೆ. ಪ್ರತಿ ಭಾನುವಾರ ಒಂದು ಚಿತ್ರ ಹಾಕಬೇಕು, ಉಳಿದವರು ಮುಚ್ಚುಮರೆಯಿಲ್ಲದೆ ತಪ್ಪು ಹೇಳಬೇಕು. ಅದು ಅಲ್ಲಿನ ಕರಾರು.

ನಾನು ಹಾಕಿದ ಮೊದಲ ವ್ಯಕ್ತಿಚಿತ್ರ ಕಾಕಾರದು. ಕಾಕಾ ಅಂದರೆ ನನಗೆ ಕಂಬ ಹತ್ತಲು ಕಲಿಸಿದ ಹಿರಿಯ ಲೈನ್‌ಮನ್. ರಕ್ತಸಂಬಂಧವಿಲ್ಲ, ಆದರೆ ಬೇರೆ ಏನೂ ಕರೆದು ಗೊತ್ತಿಲ್ಲ. ಕೂಡಲಸಂಗಮದ ರಸ್ತೆಯಲ್ಲಿ ಅವರು ಬೆಳಗಿನ ಬಿಸಿಲಿಗೆ ಮುಖವೊಡ್ಡಿ ನಿಂತಿದ್ದಾಗ ತೆಗೆದದ್ದು.

ಮೊದಲು ಹೂವು, ಚಪ್ಪಾಳೆಗಳ ಚಿಹ್ನೆಗಳು ಬಂದವು. ಮಧ್ಯಾಹ್ನ ಬಾದಾಮಿಯ ನಿವೃತ್ತ ಚಿತ್ರಕಲಾ ಮಾಸ್ತರರು ಬರೆದರು. ಹಿಂದಿನ ಕಂಬ ನೆತ್ತಿಯಿಂದಲೇ ಮೊಳೆತಂತಿದೆ, ತಂತಿ ಕುತ್ತಿಗೆಯನ್ನು ಕೊಯ್ದಂತೆ ಹಾದಿದೆ ಎಂದರು. ಕೊನೆಗೊಂದು ಸಾಲು: "ಮುಖ ಛಲೋ ಬಂದೈತ್ರಿ. ಆದ್ರ ಕೈ ಯಾಕ ಮಣಿಕಟ್ಟಿಗೆ ಕತ್ತರಿಸೀರಿ?"

ನನಗೆ ಸಿಟ್ಟು ಬಂತು. ಕಂಬ, ತಂತಿಯ ಮಾತನ್ನು ಒಪ್ಪಿದೆ. ದಿನಾ ಅವುಗಳ ನಡುವೆಯೇ ಇರುವ ನನ್ನ ಕಣ್ಣಿಗೆ ಅವು ಬಿದ್ದೇ ಇರಲಿಲ್ಲ. ಆದರೆ ಕೈಯನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಕಾಕಾರ ಬಲಗೈಯಲ್ಲಿ ಎರಡು ಬೆರಳಿಲ್ಲ. ನಾನು ಕೆಲಸಕ್ಕೆ ಸೇರುವ ಮುಂಚೆಯೇ ತಂತಿ ತಗುಲಿ ಸುಟ್ಟುಹೋದವು. ನೋಡುವವರಿಗೆ ಅದೇ ಮೊದಲು ಕಂಡರೆ ಕಾಕಾರಿಗೆ ಕಸಿವಿಸಿಯಾದೀತೆಂದು ನಾನು ಎಣಿಸಿದ್ದೆ. ಇದನ್ನೆಲ್ಲ ಗುಂಪಿನಲ್ಲಿ ಬರೆಯಲಾರದೆ ಫೋನ್ ಜೇಬಿಗಿಟ್ಟೆ.

ಮರುದಿನ ಚಹಾ ಕುಡಿಯುವಾಗ ಮಾಸ್ತರರ ಮಾತನ್ನು ಕಾಕಾರಿಗೆ ಓದಿ ಹೇಳಿದೆ. ಕಂಬದ ವಿಷಯಕ್ಕೆ ನಕ್ಕರು. ಕೈಯ ವಿಷಯ ಬಂದಾಗ ಕಪ್ಪು ಕೆಳಗಿಟ್ಟರು.

"ಕೈ ಬ್ಯಾಡ ಅಂತ ನಾ ಅಂದಿದ್ನೇನು?"

ಇಲ್ಲವೆಂದೆ.

"ಮತ್ತ ನೀ ಯಾಕ ನಾಚ್ಕೊಂಡಿ? ಇಷ್ಟು ವರ್ಷ ಇದ ಕೈಲೆ ದುಡದೇನಿ. ಇನ್ನೊಮ್ಮೆ ತಗಿ."

ಮುಂದಿನ ರಜೆಗೆ ಅವರ ಮನೆಗೆ ಹೋದೆ. ಕಾಕಾ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ಕಾದಿದ್ದರು. ಪಡಸಾಲೆಗೆ ಬೆಳಕು ಬಾಗಿಲ ಕಡೆಯಿಂದ ಮಾತ್ರ ಬರುತ್ತಿತ್ತು. ಹಿಂದೆ ನೀಲಿ ಸುಣ್ಣದ ಗೋಡೆ. ಗೋಡೆಯ ಕ್ಯಾಲೆಂಡರನ್ನು ಅವರ ಹೆಂಡತಿ, ಅಂದರೆ ನಮ್ಮ ಕಾಕು, ಕೇಳುವ ಮೊದಲೇ ತೆಗೆದಿಟ್ಟರು. ಕಾಕಾ ಸ್ಟೂಲಿನ ಮೇಲೆ ಕುಳಿತು ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟರು. ನಾನು ಬಗ್ಗಿ ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೆ ತಂದೆ. ಗುರುತಿನ ಚೀಟಿಯ ಫೋಟೊಗೆ ಕುಳಿತವರಂತೆ ಬಿಗಿದುಕೊಂಡಿದ್ದರು. ಮದುವೆಯ ದಿನವೂ ಮುಖ ಹೀಗೇ ಇತ್ತೆಂದು ಕಾಕು ಪಕ್ಕದಿಂದ ಹೇಳಿದಾಗ ತುಟಿ ಸಡಿಲವಾಯಿತು. ಆಗ ಒತ್ತಿದೆ.

ಭಾನುವಾರ ಹಾಕಿದೆ. ಮಾಸ್ತರರ ಉತ್ತರಕ್ಕೆ ಕಾದು, ಊಟದ ನಡುವೆ ನಾಲ್ಕು ಸಲ ಫೋನ್ ನೋಡಿ ಹೆಂಡತಿಯಿಂದ ಬೈಸಿಕೊಂಡೆ. ಕೊನೆಗೆ ಬಂತು: "ಮೊದಲ ಕಣ್ಣು ಕಾಣತಾವು, ಆಮ್ಯಾಲ ಕೈ. ಹಿಂಗ ಇರಬೇಕು. ಬಲಕ್ಕ ಒಂದೀಟು ಜಾಗ ಹೆಚ್ಚಾತು, ಕಡಿಮಿ ಮಾಡ್ರಿ. ಉಳಿದದ್ದು ಮುಟ್ಟಬ್ಯಾಡ್ರಿ."

ಬೆರಳಿನ ಬಗ್ಗೆ ಅವರು ಏನೂ ಕೇಳಲಿಲ್ಲ. ಬಲಬದಿ ಕತ್ತರಿಸಿ ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು.

ಗುಂಪಿನವರು ಬಾಗಲಕೋಟೆಯಲ್ಲಿ ಎರಡು ದಿನ ಪ್ರದರ್ಶನ ಇಟ್ಟಾಗ ಆ ಫೋಟೊ ಬಾಗಿಲಿಗೆ ಎದುರಾಗಿತ್ತು. ಕಾಕಾ, ಕಾಕು ಬಸ್ಸಿನಲ್ಲಿ ಬಂದರು. ಕಾಲೇಜಿನ ಹುಡುಗಿಯರಿಬ್ಬರು ಚಿತ್ರವನ್ನೂ ಕಾಕಾರನ್ನೂ ಹೋಲಿಸಿ ನೋಡಿ, ಇದು ನೀವೇ ಅಲ್ಲವೇ ಎಂದು ಕೇಳಿದರು. ಹೌದೆನ್ನುವ ಬದಲು ಕಾಕಾ ನನ್ನ ತೋಳು ಹಿಡಿದು ಮುಂದೆಳೆದರು.

"ತಗದಾಂವ ಇಂವ. ನಮ್ಮ ಹುಡುಗ."

ನನಗಾಗ ನಲವತ್ತೊಂದು. ಸಂಜೆಯವರೆಗೂ ಬಂದವರಿಗೆಲ್ಲ ಅದನ್ನೇ ಹೇಳಿದರು, ನಾನೂ ತಡೆಯಲಿಲ್ಲ. ಈಗ ಪ್ರದರ್ಶನದ ಆ ಪ್ರತಿ ಅವರ ಮನೆಯಲ್ಲಿ ಟಿವಿಯ ಮೇಲಿದೆ. ನೆಂಟರು ಬಂದರೆ ಕಾಕು ನನಗೂ ಫೋನ್ ಮಾಡಿ ಚಹಾಕ್ಕೆ ಕರೆಯುತ್ತಾರೆ.