ಅತ್ತೆ ಬೇಡಿ ತಂದ ನಿನ್ನೆಯ ನೀರು

ನಮ್ಮತ್ತೆಯ ಹಸಿರು ಬಳೆಗಳು ಮಣಿಕಟ್ಟಿನಲ್ಲಿ ಇದ್ದದ್ದನ್ನು ನಾನು ನೋಡಿದ್ದೇ ಕಡಿಮೆ. ಸದಾ ಮೊಣಕೈಯತ್ತ ಸರಿಸಿಕೊಂಡಿರುತ್ತಿದ್ದರು. ಯಾಕೆಂದರೆ ಅವರ ಕೈ ಹೊತ್ತು ಹುಟ್ಟಿದಾಗಿನಿಂದ ನೀರಿನಲ್ಲೇ ಇರುತ್ತಿತ್ತು.

ಮೂಡಲಗಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ ಹುಕ್ಕೇರಿಗೆ ಸೊಸೆಯಾಗಿ ಬಂದವರು ಅವರು. ಬೆಳಗಾದರೆ ಕೊಡ, ಹಂಡೆಗಳಲ್ಲಿ ಉಳಿದ ನೀರೆಲ್ಲ ಗಿಡದ ಬುಡಕ್ಕೆ. ಆಮೇಲೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ನಳದ ಹೊಸ ನೀರು ತುಂಬಬೇಕು. ಎಮ್ಮೆ ನೀರು ಕುಡಿಯುವ ಕಲ್ಲಿನ ಡೋಣಿಗೂ ಅದೇ ಮರ್ಯಾದೆ, ನಾಯಿಯ ಬಟ್ಟಲಿಗೂ ಅದೇ. ಡೋಣಿ ತುಂಬಿದ ಮೇಲೆ ಒಂದು ಬೊಗಸೆ ತಾವೇ ಕುಡಿದು ನೋಡುವರು. "ನನಗ ಸೇರಲಾರದ ನೀರು ಎಮ್ಮಿಗ್ಯಾಕ ಸೇರತೈತಿ?" ಎನ್ನುತ್ತಿದ್ದರು. ಓಣಿಯವರೆಲ್ಲ ಕಾಕು, ಎಂದರೆ ಚಿಕ್ಕಮ್ಮ, ಎಂದು ಕರೆಯುವ ಎದುರುಮನೆಯಾಕೆ ಎರಡು ದಿನಕ್ಕೊಮ್ಮೆ ನೀರು ತುಂಬುತ್ತಾರೆಂದು ಅತ್ತೆಗೆ ಅಸಮಾಧಾನ. "ನಿನ್ನಿ ನೀರ ಇಟಗೊಳ್ಳೋ ಮನ್ಯಾಗ ನಾ ಚಾ ಸೈತ ಕುಡ್ಯಾಂಗಿಲ್ಲ" ಎಂದು ಕಾಕುವಿಗೆ ಕೇಳಿಸುವಂತೆಯೇ ಅಂದುಬಿಡುವರು.

ಇಂಥ ಮನೆಗೆ ನಾನು, ಮದುವೆಯಾದ ಹೊಸದರಲ್ಲಿ, ಗೋಕಾಕದ ತವರಿನಿಂದ ಆರು ಬಂಗಾರ ಬಣ್ಣದ ಮೀನುಗಳನ್ನು ಡಬ್ಬಿಯಲ್ಲಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಅಪ್ಪ ತೀರಿಕೊಳ್ಳುವ ಮುಂಚೆ ನನಗೆ ತಂದುಕೊಟ್ಟ ಕೊನೆಯ ವಸ್ತು ಅವು. ಮೀನು, ಮಾಂಸ ಮುಟ್ಟದ ಲಿಂಗಾಯತರ ಮನೆ, ಓಣಿಯಲ್ಲಿ ಗುಸುಗುಸು ಎದ್ದಿತು. ಅತ್ತೆ ಬಾಗಿಲಲ್ಲಿ ನಿಂತು, "ತಿನ್ನಾಕಲ್ಲ, ಸಾಕಾಕ. ನನ್ನ ಸೊಸಿ ಬಳಗ ಅವು" ಎಂದು ಎಲ್ಲರ ಬಾಯಿ ಮುಚ್ಚಿಸಿದರು.

ಮುಂದಿನ ವಾರ ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ, ಸೊಸೆಗೆ ಸಂತೋಷವಾಗಲೆಂದು ಅತ್ತೆ ಮೀನು ಬಿಟ್ಟಿದ್ದ ಗಾಜಿನ ತೊಟ್ಟಿಯ ನೀರನ್ನೆಲ್ಲ ಚೆಲ್ಲಿದರು. ತೊಟ್ಟಿಯನ್ನೂ ಒಳಗಿನ ಕಲ್ಲುಗಳನ್ನೂ ಫಳಫಳ ತೊಳೆದು, ಆಗಷ್ಟೇ ಬಂದ ನಳದ ನೀರು ತುಂಬಿದರು. ಆ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ. ನಾನು ಬಂದಾಗ ಎರಡು ಮೀನು ಸತ್ತು ತೇಲುತ್ತಿದ್ದವು, ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅತ್ತೆ ತೊಟ್ಟಿಯ ಬದಿಗೆ ಕೂತಿದ್ದರು.

"ಅತ್ತ್ಯಾರ, ಔಷಧ ಹಾಕಿದ ನೀರು ಇವಕ್ಕ ಆಗೂದಿಲ್ರಿ. ಒಂದ ದಿನ ತೆರದಿಟ್ಟ ನೀರ ಬೇಕು. ನಿನ್ನಿ ನೀರ ಐತೇನ್ರಿ?" ಎಂದೆ, ಅಳುತ್ತ.

ನಮ್ಮ ಮನೆಯಲ್ಲಿ ಅದು ಎಲ್ಲಿಂದ ಬರಬೇಕು? ಅತ್ತೆ ಕೊಡ ಎತ್ತಿಕೊಂಡು ನೆಟ್ಟಗೆ ಎದುರುಮನೆಗೆ ನಡೆದರು. ಕಟ್ಟೆಯ ಮೇಲಿನ ಹೆಂಗಸರೆಲ್ಲ ನೋಡುತ್ತಿದ್ದರು. ನಾನೂ ಹಿಂದೆ ಓಡಿದೆ.

"ನಿನ್ನಿ ನೀರ ಇದ್ರ ಒಂದ ಕೊಡ ಕೊಡವಾ" ಎಂದರು ಅತ್ತೆ.

ಕಾಕು ನಕ್ಕರು. ಅವರಿಗೆ ಇಂಥ ದಿನ ಮತ್ತೆ ಸಿಗುವುದುಂಟೆ? "ನಿಮಗ್ಯಾಕ್ರಿ ಅಕ್ಕಾರ ನಿನ್ನಿ ನೀರು? ನಮ್ಮ ನೀರ ಹೊಲಸ ಅಂತಿದ್ರೆಲ್ಲ?"

"ಅಂದದ್ದು ಖರೆ. ನನಗ ತಿಳೀಲಿಲ್ಲ, ತಪ್ಪಾತು. ಸೊಸಿ ಮೀನ ಸಾಯಾಕತ್ತಾವು, ಕೊಡು."

ಕಾಕುವಿನ ನಗು ಅಲ್ಲಿಗೇ ನಿಂತಿತು. ತಾವೂ ಒಂದು ಕೊಡ ಹೊತ್ತು ನಮ್ಮ ಹಿಂದೆ ಬಂದರು. ನಾಲ್ಕು ಮೀನು ಬದುಕಿದವು.

ಅತ್ತೆಯ ಬಾಯಲ್ಲಿ "ತಪ್ಪಾತು" ಎಂಬ ಮಾತನ್ನು ಅವರ ಮಕ್ಕಳೇ ಕೇಳಿರಲಿಲ್ಲವಂತೆ. ಬಂದು ತಿಂಗಳೂ ಆಗದ ಸೊಸೆಗಾಗಿ ಅದನ್ನು ಓಣಿಯ ಮುಂದೆ ಅಂದರು. ನನ್ನತ್ತೆ ಎಂದರೆ ಇಂಥವರು ಎಂದು ಅಂದಿನಿಂದ ನಾನು ತಲೆಯೆತ್ತಿ ಹೇಳುತ್ತ ಬಂದಿದ್ದೇನೆ.

ಮರುದಿನದಿಂದ ಒಂದು ಹಂಡೆ ಮೀನಿಗೆಂದೇ ಮೀಸಲಾಯಿತು. ವಾರಕ್ಕೊಮ್ಮೆ ತೊಟ್ಟಿಯಿಂದ ಒಂದಷ್ಟು ನೀರು ತೆಗೆದು, ಹಂಡೆಯಿಂದ ಅಷ್ಟೇ ಹಾಕುವರು, ಪೂರ್ತಿ ಎಂದೂ ಚೆಲ್ಲಲಿಲ್ಲ. "ಎಲ್ಲಾ ಒಮ್ಮೆಲೇ ಹೊಸಾದಾದ್ರ ಉಸಿರ ಕಟ್ಟತೈತಿ. ಮೀನಕ್ಕೂ ಅಷ್ಟ, ಸೊಸಿಗೂ ಅಷ್ಟ" ಎಂದು ನನ್ನನ್ನು ನೋಡಿ ನಗುತ್ತಿದ್ದರು.

ಹೋದ ವರ್ಷ ಅತ್ತೆ ತೀರಿಕೊಂಡರು. ಸಾವಾದ ಮನೆಯ ನೀರನ್ನೆಲ್ಲ ಚೆಲ್ಲುವುದು ನಮ್ಮ ಓಣಿಯ ರೂಢಿ. ಹೆಂಗಸರು ಕೊಡ, ಹಂಡೆಗಳನ್ನೆಲ್ಲ ಬರಿದು ಮಾಡಿದರು. ಯಾರೋ ಮೀನಿನ ತೊಟ್ಟಿಗೂ ಕೈ ಹಾಕಿದರು. ನಾನು ಬಾಯಿ ತೆರೆಯುವ ಮೊದಲೇ ಎದುರುಮನೆಯ ಕಾಕು ಅಡ್ಡ ನಿಂತರು.

"ಅದನ್ನ ಮುಟ್ಟಬ್ಯಾಡ್ರಿ" ಎಂದರು. "ಆ ನೀರ ಅಕ್ಕಾರು ನನ್ನ ಮನೀಗಿ ಬಂದು ಕೇಳಿ ತಂದದ್ದೈತಿ."