ದಿಕ್ಕು ಕೆಡಿಸಿದ ಚಾಕು

"ಯಜಮಾನರೇ, ವಿರಾಜಪೇಟೆ ಬಸ್ಸಿಗೆ ಎತ್ತ ಹೋಗಬೇಕು? ಇರೋದು ಇನ್ನೊಂದೇ ಬಸ್ಸು!" ಕೊಡಗು ಬೇರೆಯೇ ರಾಜ್ಯವಾಗಿದ್ದ ದಿನಗಳವು. ಕಕ್ಕಬೆಯ ತೋಟದಲ್ಲಿ ದಾರಿ ತಪ್ಪಿದ ನಾನು, ಮದುವೆಗೆ ಹೊರಟಿದ್ದ ಕೊಡವ ಹಿರಿಯರೊಬ್ಬರನ್ನು ಕೇಳಿದೆ.

"ಎಡಕ್ಕೆ ಹೋಗಿಯಮ್ಮ."

"ಎಡಕ್ಕಿರೋದು ದಕ್ಷಿಣ. ಬಸ್ಸಿನ ರಸ್ತೆ ಉತ್ತರಕ್ಕಲ್ಲವೇ?" ನಾನು ಕಿತ್ತಳೆ ಸುಲಿಯುತ್ತಿದ್ದ ಚಾಕುವಿನ ಪಕ್ಕದಲ್ಲೇ ದಿಕ್ಸೂಚಿ ಹಿಡಿದು ತೋರಿಸಿದೆ.

ಅವರು ಮದುವೆಯ ಉಡುಪಿನ ಸೊಂಟಕ್ಕೆ ಸಿಕ್ಕಿಸಿದ್ದ ಬಾಕು, ಪೀಚೆಕತ್ತಿಯನ್ನು ಮುಟ್ಟಿಕೊಂಡರು. "ಇದಕ್ಕೆ ಹೆದರಿ ನಿಮ್ಮ ದಿಕ್ಸೂಚಿಯ ಮುಳ್ಳು ದಿಕ್ಕು ತಪ್ಪಿರಬೇಕು," ಎಂದು ಗಂಭೀರವಾಗಿ ಹಿಂದೆ ಸರಿದರು.

ಮುಳ್ಳು ಅಲುಗಲಿಲ್ಲ. ನನ್ನ ಚಾಕು ಸರಿಸಿದೆ. ಮುಳ್ಳು ಅದರ ಹಿಂದೆಯೇ ಬಂತು! ಹೊಲಿಗೆ ಪೆಟ್ಟಿಗೆಯಲ್ಲಿ ಸೂಜಿ ಹೆಕ್ಕುವ ಅಯಸ್ಕಾಂತದ ಜೊತೆ ವರ್ಷಗಟ್ಟಲೆ ಮಲಗಿದ್ದ ಆ ಚಾಕುವಿನ ಉಕ್ಕು, ತಾನೂ ಅಯಸ್ಕಾಂತವಾಗಿತ್ತು.

ಎಡಗಡೆ ಹಾರನ್ ಕೇಳಿತು. ಹಿರಿಯರು ಕೂಗು ಹಾಕಿ ಬಸ್ಸು ನಿಲ್ಲಿಸಿದರು. ಹತ್ತಿದವಳೇ ಕಿಟಕಿಯಿಂದ, "ನೀವು ಹೇಳಿದ್ದೇ ಸರಿ!" ಎಂದು ಕೂಗಿ, ಅವರಿಗೆ ಸಲ್ಲಬೇಕಿದ್ದ ಒಪ್ಪಿಗೆಯ ಬಾಕಿ ತೀರಿಸಿದೆ. ತಪ್ಪನ್ನೆಲ್ಲ ಚಾಕುವಿನ ಮೇಲೆ ಹಾಕಬಹುದಿತ್ತು. ಆ ಕಥೆ ಹೇಳಿ ಮುಗಿಸುವವರೆಗೆ ಬಸ್ಸು ನಿಲ್ಲಿಸುವಷ್ಟು ತಾಳ್ಮೆ ಕಂಡಕ್ಟರಿಗೆ ಇರಲಿಲ್ಲ.